ಸುಕ್ರಿಯ ಕೀವಿನ ವರದಿ

ಮಾರ್ಚ್ ಹನ್ನೊಂದು, ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ಮಾವಳ್ಳಿಯ ಜಟ್ಟಿ ಭಟ್ಕಳದ ಠಾಣೆಗೆ ಬಂದು ಇನ್‌ಸ್ಪೆಕ್ಟರ್ ಮಾಲಿನಿಯ ಮೇಜಿನ ಮೇಲೆ ಖಾಲಿ ಇಂಜೆಕ್ಷನ್ ಸೀಸೆಯೊಂದನ್ನು ಇಟ್ಟ. ಹೆಂಡತಿ ಸುಕ್ರಿಗೆ ಖಾಸಗಿ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಹೆರಿಗೆ ಮಾಡಿಸಿ ಹನ್ನೆರಡು ದಿನವಾಗಿತ್ತು. ಗಾಯ ಕೀವಾಗಿದೆ, ಜ್ವರ ಇಳಿದಿಲ್ಲ. ಒಂಬತ್ತು ದಿನದಿಂದ ಇದೇ ಮದ್ದು.

"ಇದ್ರಲ್ಲಿ ಎಂತ ಇದೆ ಮೇಡಂ? ಬಾವಿ ನೀರಾ?" ಎಂದ ಜಟ್ಟಿ. "ಜನವರಿಲಿ ಅದೇ ವಾರ್ಡಲ್ಲಿ ಗಣಪಿ ಹೀಂಗೇ ಹೋದ್ಲು. ನಮ್ಮವಳೂ ಹೋದ್ಮೇಲೆ ದೂರು ಬರ್ಕಳ್ತ್ರಾ?"

ಎಫ್‌ಐಆರ್ ದಾಖಲಾಯಿತು. ಹತ್ತೂವರೆಗೆ ಹೆಡ್ ಕಾನ್‌ಸ್ಟೆಬಲ್ ಕುಪ್ಪ ಆಸ್ಪತ್ರೆಯಲ್ಲಿ ಪಂಚರ ಎದುರು ಸೀಸೆಗಳನ್ನು ಜಪ್ತಿ ಮಾಡಿ ಪಂಚನಾಮೆ ಬರೆದ. ಔಷಧ ಇಲಾಖೆಯವರು ಬ್ಯಾಚ್ ಸಂಖ್ಯೆ ವಿಚಾರಿಸಿ, ಮದ್ದು ಅಸಲಿ ಎಂದರು. ಅಲ್ಲಿಗೆ ದಾರಿ ಮುಚ್ಚಿತು. ಆದರೆ ಮಾಲಿನಿಗೆ ಅನುಮಾನ ಬಿಡಲಿಲ್ಲ. ಮದ್ದು ಅಸಲಿಯಾದರೆ ಜ್ವರ ಯಾಕೆ ಇಳಿಯದು?

ಆಸ್ಪತ್ರೆಯ ಮಾಲೀಕ ಡಾ. ಭಾಸ್ಕರ ಸುಕ್ರಿಯ ಫೈಲನ್ನು ಅವಳ ಮುಂದೆ ತಳ್ಳಿದರು. ಕುಮಟಾದ ಲ್ಯಾಬಿನ ವರದಿ ಅದರಲ್ಲಿತ್ತು. ಈ ಮದ್ದಿಗೆ ರೋಗಾಣು ಸಾಯುತ್ತದೆ ಎಂದೇ ಬರೆದಿತ್ತು. ಮಾಲಿನಿ ಮೇಲಿನಿಂದ ಕೆಳಗೆ ಎರಡು ಸಲ ಓದಿದಳು. 'ಮಾದರಿ: ಮೂತ್ರ' ಎಂದಿತ್ತು. ನರ್ಸ್ ರೇಖಾಳನ್ನು ಕರೆದು ಕೇಳಿದಳು.

"ಮೂತ್ರ ಅಲ್ಲ ಮೇಡಂ. ಗಾಯದ ಕೀವು. ನಾನೇ ತೆಗೆದು ಕಳಿಸಿದ್ದು."

"ವರದಿ ಯಾರ ಕೈಗೆ ಬರ್ತದೆ?"

"ಥಿಯೇಟರ್ ಕೆಲಸದ ಉದಯಂಗೆ. ಆಪರೇಷನ್ ಸಾಮಾನು ಬೇಯಿಸಿ ಶುದ್ಧ ಮಾಡೋದೂ ಅವನೇ."

ಹನ್ನೆರಡೂ ನಲವತ್ತಕ್ಕೆ ಕುಮಟಾದ ಲ್ಯಾಬಿನಲ್ಲಿ ಅನೂಪ ಎಂಬಾತ ಸುಕ್ರಿಯ ಕೀವಿನ ವರದಿಯ ಮೂಲ ಪ್ರತಿ ತೆಗೆದು ತೋರಿಸಿದ. ಆಸ್ಪತ್ರೆಯ ಫೈಲಿನಲ್ಲಿದ್ದದ್ದು ಬೇರೆ ರೋಗಿಯ ಹಳೇ ಮೂತ್ರದ ವರದಿ, ಹೆಸರು ಮಾತ್ರ ಸುಕ್ರಿಯದು. ಹದಿನಾಲ್ಕು ಮದ್ದುಗಳಲ್ಲಿ ಹದಿಮೂರಕ್ಕೆ ಆ ರೋಗಾಣು ಜಗ್ಗುತ್ತಿರಲಿಲ್ಲ. ಜನವರಿಯಲ್ಲಿ ಗಣಪಿಯ ಗಾಯದಲ್ಲಿದ್ದದ್ದೂ ಇದೇ ರೋಗಾಣು ಎಂದ. ಉಳಿದ ಒಂದು ಮದ್ದಿನ ಹೆಸರನ್ನು ಮಾಲಿನಿ ನಿಂತಲ್ಲೇ ವಾರ್ಡಿನಲ್ಲಿದ್ದ ಕುಪ್ಪನಿಗೆ ಕಳಿಸಿದಳು. ಆ ಆಸ್ಪತ್ರೆಯಲ್ಲಿ ಆ ಮದ್ದು ಇರಲಿಲ್ಲ. ಒಂದೂವರೆಗೆ ಸುಕ್ರಿಯನ್ನು ಆಂಬುಲೆನ್ಸಿನಲ್ಲಿ ಉಡುಪಿ ಕಡೆಯ ದೊಡ್ಡ ಆಸ್ಪತ್ರೆಗೆ ಸಾಗಿಸಿದರು. ಮತ್ತೆ ಕುಪ್ಪನ ಫೋನ್ ಬಂತು: ಉದಯ ರಜೆ ಹಾಕಿ ಹೊನ್ನಾವರದ ಮನೆಗೆ ಹೋಗಿದ್ದಾನೆ.

ಮೂರೂ ಇಪ್ಪತ್ತಕ್ಕೆ ಜೀಪು ನಿಂತಾಗ ಉದಯ ಜಗಲಿಯ ಮೇಲೆ ಚಪ್ಪಲಿ ಹಾಕಿಕೊಂಡೇ ಕೂತಿದ್ದ.

"ಹಳೇ ವರದಿಗೆ ಹೆಸರು ಬದಲಿಸಿದ್ದು ನೀನೇ?"

"ಹೌದು."

"ಯಾಕೆ?"

ಅವನು ಚಪ್ಪಲಿ ಕಳಚಿ ಬದಿಗಿಟ್ಟ. ದಿನಕ್ಕೆ ಆರು ಆಪರೇಷನ್, ಕತ್ತರಿ ಚಿಮಟಗಳ ಎರಡೇ ಸೆಟ್ಟು. ಅರ್ಧ ಬೆಂದದ್ದನ್ನೇ ತೆಗೆದು ಕೊಡುತ್ತಿದ್ದೆ ಎಂದ. ಇದೇ ರೋಗಾಣು ಮತ್ತೆ ಕಂಡರೆ ಬೆರಳು ತೋರುವುದು ತನ್ನ ಕಡೆಗೇ ಎಂದು ಹೆದರಿದ್ದ. ಬಡವರ ಹೊಟ್ಟೆ ಕೊಯ್ಯಲು ಪುರುಸೊತ್ತುಂಟು, ಕೊಯ್ಯುವ ಕತ್ತರಿ ಬೇಯಿಸಲು ಇಲ್ಲ.

"ವರದಿ ಬದಲಿಸು ಅಂತ ಡಾಕ್ಟರ್ ಹೇಳಿದ್ರಾ?"

"ಹೇಳಿಲ್ಲ. ಹೇಳೋದೇ ಬೇಕಾಗಿರ್ಲಿಲ್ಲ ಮೇಡಂ."

ಉದಯ ಮೊದಲ ಆರೋಪಿ. ಡಾ. ಭಾಸ್ಕರರ ಹೆಸರನ್ನು ಮಾಲಿನಿ ಎರಡನೆಯದಾಗಿ ಬರೆದಳು. ಮೇಲಿನಿಂದ ಎರಡು ಫೋನ್ ಬಂದರೂ ಅಳಿಸಲಿಲ್ಲ. ಐದನೇ ದಿನ ಸುಕ್ರಿಯ ಜ್ವರ ಇಳಿಯಿತು.

ಜಪ್ತಿಯಾದ ಆಪರೇಷನ್ ಥಿಯೇಟರಿನ ರಿಜಿಸ್ಟರಿನಲ್ಲಿ, ಗಣಪಿ ತೀರಿಕೊಂಡ ಮರುದಿನ ನರ್ಸ್ ದೀಪಿಕಾ ಬರೆದ ಒಂದು ಸಾಲು ಇತ್ತು: ರೋಗಾಣು ಥಿಯೇಟರಿನದೇ, ಬಾಗಿಲು ಹಾಕಬೇಕು. ಅದನ್ನು ಹೊಡೆದುಹಾಕಿದ ಡಾಕ್ಟರರ ಕೆಂಪು ಗೀಟು. ಅಂದು ಸಂಜೆಯೇ ದೀಪಿಕಾಳನ್ನು ಕೆಲಸದಿಂದ ತೆಗೆದಿದ್ದರು. ಆ ಗೀಟು ಎಳೆಯುವಾಗ ಸ್ಕೇಲು ಹಿಡಿದುಕೊಟ್ಟವನು ಉದಯನೇ.