ನಾಲ್ಕನೆಯ ತಿದ್ದುಪಡಿ ಓದಿದವರು

ಸೆಪ್ಟೆಂಬರ್ ಹದಿನೇಳರ ಬೆಳಿಗ್ಗೆ ಏಳು ಗಂಟೆಗೆ ಕಾರ್ವರ್ಸ್ ಫೆರಿ ಪೊಲೀಸ್ ಠಾಣೆಗೆ ಫೋನ್ ಬಂತು. ಓಹಾಯೋ ನದಿಯ ದಡದಲ್ಲಿ ಗಾಳ, ಎರೆಹುಳ ಮಾರುವ ಅಂಗಡಿಯವನ ದೂರು: ದೋಣಿ ಇಳಿಸುವ ಜಾಗದಲ್ಲಿ ಒಂದು ಹೆಣ ಬಿದ್ದಿದೆ, ಯಾರದೆಂದು ಗುರುತು ಸಿಗುತ್ತಿಲ್ಲ.

ಡಿಟೆಕ್ಟಿವ್ ವರ್ನಾ ಟಿಬೆಟ್ಸ್, ಪೇದೆ ಓರ್ವಿಲ್ ಹ್ಯಾಸ್ಕಿನ್ಸ್‌ನೊಂದಿಗೆ ಹೋದಳು. ಹೆಣಕ್ಕೆ ಮುಖವೇ ಇರಲಿಲ್ಲ. ದವಡೆ ಮುರಿದು ಹಲ್ಲುಗಳು ಜಲ್ಲಿಯಲ್ಲಿ ಚೆದುರಿದ್ದವು. ಬುರುಡೆ ಒಡೆದಿತ್ತು. ಹೊಡೆತ ತಡೆಯಲು ಅಡ್ಡ ಹಿಡಿದ ಎರಡೂ ಮುಂಗೈಗಳ ಮೂಳೆ ಪುಡಿಯಾಗಿತ್ತು. ಕತ್ತಿನ ಹಚ್ಚೆ ನೋಡಿ ಹ್ಯಾಸ್ಕಿನ್ಸ್ ಗುರುತು ಹಿಡಿದ.

"ಡೇಲ್ ಪ್ರಾಫಿಟ್, ಮೇಡಂ. ಇವನಿಗೋಸ್ಕರ ಅಳೋರು ಈ ಊರಲ್ಲಿ ಯಾರೂ ಇಲ್ಲ."

"ಬಾಯಿ ಮುಚ್ಕೊಂಡು ಮಹಜರು ಬರಿ. ಹೆಸರು ಹೊರಗೆ ಬಿಡಬೇಡ."

ಮೂರು ವರ್ಷದ ಹಿಂದೆ ಈ ಪ್ರಾಫಿಟ್, ಹೈಸ್ಕೂಲ್ ಮೇಷ್ಟ್ರು ಎಲ್ವುಡ್ ಕ್ರೇಮರ್ ಅವರ ಮಗಳು ಟೆಸ್ಸಾಳನ್ನು ಕಬ್ಬಿಣದ ಸಲಾಕೆಯಿಂದ ಬಡಿದು ಕೊಂದಿದ್ದ. ಸಲಾಕೆ ಸಿಕ್ಕಿದ್ದು ರಸ್ತೆಯಾಚೆಯ ಅವನ ಶೆಡ್ಡಿನಲ್ಲಿ. ವಾರಂಟಿನಲ್ಲಿ ಇದ್ದದ್ದು ಮನೆ ಮಾತ್ರ. ಶೆಡ್ಡಿನ ಬಾಗಿಲು ಒದ್ದು ಮುರಿದ ಮಹಾನುಭಾವ ಇದೇ ಹ್ಯಾಸ್ಕಿನ್ಸ್. ವಾರಂಟಿನಲ್ಲಿ ಹೇಳದ ಜಾಗಕ್ಕೆ ಪೊಲೀಸರು ನುಗ್ಗಬಾರದು ಎನ್ನುತ್ತದೆ ಸಂವಿಧಾನದ ನಾಲ್ಕನೆಯ ತಿದ್ದುಪಡಿ. ನ್ಯಾಯಾಧೀಶರು ಸಲಾಕೆಯನ್ನು ಸಾಕ್ಷ್ಯದಿಂದ ತೆಗೆದುಹಾಕಿದರು. ಬೇರೆ ಸಾಕ್ಷ್ಯ ಇರಲಿಲ್ಲ. ಪ್ರಾಫಿಟ್ ಎದೆಯುಬ್ಬಿಸಿಕೊಂಡು ಹೊರಬಂದ.

ಹೆಣ ಸಿಕ್ಕ ದಿನವೇ ಸಂವಿಧಾನ ದಿನ. ಕೋರ್ಟಿನ ಮೆಟ್ಟಿಲ ಮೇಲೆ ಊರವರು ಒಬ್ಬೊಬ್ಬರಾಗಿ ಒಂದೊಂದು ತಿದ್ದುಪಡಿ ಓದುವುದು ವಾಡಿಕೆ. ಮಧ್ಯಾಹ್ನ ವರ್ನಾ ಬಂದೋಬಸ್ತಿಗೆ ನಿಂತಿದ್ದಳು. ಈ ಸಲ ನಾಲ್ಕನೆಯದನ್ನು ಓದುತ್ತೇನೆಂದು ಹೆಸರು ಕೊಟ್ಟಿದ್ದವನು ಪ್ರಾಫಿಟ್. ಮಾನ ಮರ್ಯಾದೆ ಬಿಟ್ಟವನಿಗೆ ಯಾವುದು ತಾನೆ ಅಡ್ಡಿ? ಆದರೆ ಅವನ ಹೆಸರು ಕೂಗುವ ಮೊದಲೇ ಕ್ರೇಮರ್ ಮೆಟ್ಟಿಲು ಹತ್ತಿದರು. ಹಿಂದೆಲ್ಲ ಪ್ರತಿ ವರ್ಷ ಅದನ್ನು ಓದುತ್ತಿದ್ದವರು ಅವರೇ. ಮಗಳು ಸತ್ತ ಮೇಲೆ ಅತ್ತ ತಲೆ ಹಾಕಿರಲಿಲ್ಲ. ತಡವರಿಸದೆ ಓದಿ ಮುಗಿಸಿದರು. ಅವರ ಬಲಗೈ ಬೆರಳು ಊದಿ ನೀಲಿಗಟ್ಟಿದ್ದನ್ನು ವರ್ನಾ ಕಂಡಳು.

ಪ್ರಾಫಿಟ್ ಇನ್ನು ಬರುವುದಿಲ್ಲವೆಂದು, ಪೊಲೀಸರನ್ನು ಬಿಟ್ಟರೆ, ಕೊಂದವನಿಗೆ ಮಾತ್ರ ಗೊತ್ತಿರಲು ಸಾಧ್ಯ. ವರ್ನಾಳಿಗೆ ಸಂವಿಧಾನ ಕಲಿಸಿದವರು ಈ ಮೇಷ್ಟ್ರೇ.

ಗಾಳದ ಅಂಗಡಿಯ ಕ್ಯಾಮೆರಾದಲ್ಲಿ, ಹಿಂದಿನ ರಾತ್ರಿಯ ಚಿತ್ರದಲ್ಲಿ, ಮೇಷ್ಟ್ರ ಕಾರು ಕಂಡಿತು. ಹ್ಯಾಸ್ಕಿನ್ಸ್ ವಾರಂಟಿಗೆ ಅರ್ಜಿ ಬರೆದ, ನ್ಯಾಯಾಧೀಶರು ಸಹಿ ಹಾಕಿದರು. ಸಂಜೆ ಇಬ್ಬರೂ ಕ್ರೇಮರ್ ಅವರ ಬಾಗಿಲು ತಟ್ಟಿದರು.

"ಬಾ ವರ್ನಾ. ಮೊದಲು ವಾರಂಟ್ ಕೊಡು, ಓದ್ತೀನಿ."

"ಓದೋಕೆ ಇದೇನು ಸ್ಕೂಲಾ?" ಹ್ಯಾಸ್ಕಿನ್ಸ್ ಅವರ ಕೊರಳಪಟ್ಟಿ ಹಿಡಿದು ಗೋಡೆಗೆ ಅಪ್ಪಳಿಸಿದ. ಕನ್ನಡಕ ಒಡೆದು ಹುಬ್ಬಿನಿಂದ ರಕ್ತ ಇಳಿಯಿತು. "ಹೊಡೆದ ಆಯುಧ ಎಲ್ಲಿಟ್ಟಿದ್ದೀಯ, ಮುದುಕ?"

ವರ್ನಾ ಅವನ ತೋಳು ತಿರುಚಿ ಹಿಂದಕ್ಕೆಳೆದಳು. "ಇನ್ನೊಂದು ಸಲ ಮುಟ್ಟಿದ್ರೆ ಬೇಡಿ ನಿನಗೇ ಹಾಕ್ತೀನಿ." ಇನ್ನೊಂದು ಕೈಯಿಂದ ಅವಳು ಕೊಟ್ಟ ವಾರಂಟನ್ನು ಮೇಷ್ಟ್ರು ಒಡೆದ ಕನ್ನಡಕದಲ್ಲೇ ಓದತೊಡಗಿದರು.

ಹ್ಯಾಸ್ಕಿನ್ಸ್ ಕೊಸರಿಕೊಂಡು, ರಸ್ತೆಯಾಚೆ ಮೇಷ್ಟ್ರು ತಮ್ಮ ದೋಣಿ ಇಡುತ್ತಿದ್ದ ದೋಣಿಮನೆಗೆ ಓಡಿ, ಬಾಗಿಲು ಒದೆಯಲು ಕಾಲೆತ್ತಿದ.

"ಓರ್ವಿಲ್, ನಿಲ್ಲು." ಮೇಷ್ಟ್ರ ದನಿ ತರಗತಿಯದೇ. "ಇದರಲ್ಲಿ ಮನೆ ಮಾತ್ರ ಬರೆದಿದ್ದೀಯ, ದೋಣಿಮನೆ ಇಲ್ಲ. ಒಂಬತ್ತನೇ ಕ್ಲಾಸಲ್ಲೂ ನೀನು ಪ್ರಶ್ನೆ ಪೂರ್ತಿ ಓದ್ತಿರಲಿಲ್ಲ."

ಹ್ಯಾಸ್ಕಿನ್ಸ್ ಕಾಲು ಇಳಿಸಿದ. ವಾರಂಟನ್ನು ವರ್ನಾ ಕೂಡ ಸರಿಯಾಗಿ ನೋಡಿರಲಿಲ್ಲ. ಅವಳು ಮೇಷ್ಟ್ರ ಹತ್ತಿರ ಬಂದಳು.

"ನೀವು ಸುಮ್ಮನಿದ್ದಿದ್ರೆ ಅವನು ನುಗ್ಗಿಬಿಡ್ತಿದ್ದ, ಮೇಷ್ಟ್ರೇ. ನೀವೂ ಪ್ರಾಫಿಟ್ ಥರಾನೇ ಹೊರಗೆ ಬರ್ತಿದ್ರಿ."

"ಅವನ ಥರ ಬರೋದು ಬೇಡ ಕಣಮ್ಮ. ಹೋಗಿ ವಾರಂಟ್ ತಿದ್ದಿಸ್ಕೊಂಡು ಬಾ."

"ಇನ್ನೇನೂ ಹೇಳಬೇಡಿ. ಸುಮ್ಮನಿರೋ ಹಕ್ಕಿದೆ ನಿಮಗೆ. ವಕೀಲರನ್ನ ಕರೆಸೋ ಹಕ್ಕೂ ಇದೆ."

"ಗೊತ್ತು. ನಿನಗೆ ಹೇಳಿಕೊಟ್ಟಿದ್ದು ನಾನೇ."

ಬೇರೆ ಪೇದೆಗಳನ್ನು ಕಾವಲಿಗೆ ಕರೆಸಿ ವರ್ನಾ ಹೊರಟಳು. ದಾರಿಯಲ್ಲಿ ಕಾರು ನಿಲ್ಲಿಸಿ ಅತ್ತಳು. ತಿದ್ದಿಸದೆ ಆ ಬಾಗಿಲು ತೆಗೆದರೆ ಸಾಕು, ಮೇಷ್ಟ್ರು ಬಚಾವಾಗುತ್ತಿದ್ದರು. ಊರಲ್ಲಿ ಒಬ್ಬರೂ ಬೈಯುತ್ತಿರಲಿಲ್ಲ. ಆಮೇಲೆ ಕಣ್ಣೊರೆಸಿಕೊಂಡು ನ್ಯಾಯಾಧೀಶರ ಮನೆಗೇ ಹೋದಳು.

ಹೊಸ ವಾರಂಟಿನೊಂದಿಗೆ ದೋಣಿಮನೆ ತೆರೆದಾಗ ಕೂದಲು ಮೆತ್ತಿದ ಸಲಾಕೆಯೂ ರಕ್ತದಿಂದ ಬಿರುಸಾದ ಕೋಟೂ ಸಿಕ್ಕವು. ಊದಿದ ಕೈಗೆ ನೋವಾಗದಂತೆ ವರ್ನಾ ಬೇಡಿ ಹಾಕಿದಳು.

ಮರುದಿನ ವಕೀಲರ ಎದುರಲ್ಲಿ ಕ್ರೇಮರ್ ಹೇಳಿಕೆ ಕೊಟ್ಟರು. ಪ್ರಾಫಿಟ್‌ನನ್ನು ಬಿಟ್ಟ ತೀರ್ಪು ಸರಿಯೆಂದೇ ಹೇಳಿದರು. ಆ ವರ್ಷವೂ ಮಕ್ಕಳಿಗೆ ಹಾಗೆಯೇ ಪಾಠ ಮಾಡಿದ್ದರು. ಹದಿನಾರರ ರಾತ್ರಿ ನದಿಯ ದಡದಲ್ಲಿ ಅವನನ್ನು ಕಂಡು, ಬೇರೆ ಯಾವುದಾದರೂ ತಿದ್ದುಪಡಿ ಓದು ಎಂದು ಬೇಡಿಕೊಂಡಿದ್ದರು. ಅವನು ನಕ್ಕು, "ಓದೋ ಮುಂಚೆ ನಿನ್ನ ಮಗಳಿಗೊಂದು ಥ್ಯಾಂಕ್ಸ್ ಹೇಳ್ಲಾ?" ಎಂದನಂತೆ. ಕಾರಿನಲ್ಲಿ ಟೈರು ಬಿಚ್ಚುವ ಸಲಾಕೆ ಇತ್ತು. ಆ ನಗು ನಿಲ್ಲುವವರೆಗೂ ಹೊಡೆದರು, ನಿಂತ ಮೇಲೂ ಹೊಡೆದರು.

ಸಿಕ್ಕಿಬೀಳುತ್ತೀರೆಂದು ಗೊತ್ತಿದ್ದೂ ಮೆಟ್ಟಿಲು ಹತ್ತಿದ್ದೇಕೆ ಎಂದು ವರ್ನಾ ಕೇಳಿದಳು. ಅವನು ಸತ್ತನೆಂದು ನಾಲ್ಕನೆಯ ತಿದ್ದುಪಡಿ ಯಾರೂ ಓದದೆ ಉಳಿಯಬಾರದಿತ್ತು ಎಂದು ಮೇಷ್ಟ್ರು ಹೇಳಿ, ಊದಿದ ಕೈಯಿಂದಲೇ ಸಹಿ ಹಾಕಿದರು.