ಚಾಮಲೆ ಹೇಳದೆ ಉಳಿದ ಸಂಖ್ಯೆ

ಬಹಳ ಬಹಳ ಹಿಂದೆ, ಬಿಸಿಲು ಕಾಣದ ಬೆಟ್ಟಗಳ ನಡುವೆ ಕಡವಳಪುರ ಎಂಬ ರಾಜ್ಯವಿತ್ತು. ಧೂಮಕೇಶನೆಂಬ ಮಾಂತ್ರಿಕ ಅದರ ಮೇಲೆ ಹಗೆ ಸಾಧಿಸಿ ಕಬ್ಬಿಣದ ಆಮೆಯೊಂದನ್ನು ಕಳಿಸಿದ. ದಿನವೂ ಬೆಳಗ್ಗೆ ಅದು ಊರೊಳಗೆ ಬರುತ್ತಿತ್ತು. ಅದು ಮುಟ್ಟಿದವರು ಕಲ್ಲಾಗುತ್ತಿದ್ದರು.

"ಇವತ್ತು ಎಷ್ಟು ಮಂದಿ ಕಲ್ಲಾಗುತ್ತಾರೆ ಎಂದು ಮೊದಲೇ ಸರಿಯಾಗಿ ಹೇಳಿದರೆ ಅದು ಸಾಯುತ್ತದೆ. ತಪ್ಪಿದರೆ ಹೇಳಿದವರೂ ಕಲ್ಲು," ಎಂದು ಮಾಂತ್ರಿಕ ಡಂಗುರ ಸಾರಿಸಿದ.

ಕೋಟೆಯ ಕಾವಲುಗಾರ ಮಾಚಯ್ಯನಿಗೆ ಚಾಮಲೆ ಎಂಬ ತಂಗಿಯಿದ್ದಳು. ಅವಳು ಕೋಟೆಗೋಡೆಯ ಮೇಲೆ ಇದ್ದಿಲಿನಿಂದ ದಿನವನ್ನೂ ಅದರ ಪಕ್ಕ ಕಲ್ಲಾದವರ ಸಂಖ್ಯೆಯನ್ನೂ ಬರೆದಳು. ಮೂರು, ಐದು, ಏಳು, ಒಂಬತ್ತು.

"ದಿನಕ್ಕೆ ಎರಡೇ ಹೆಚ್ಚುತ್ತಿದೆ ಅಣ್ಣ."

ಮಾಚಯ್ಯ ಆಮೆಯೆದುರು ನಿಂತು "ಹನ್ನೊಂದು" ಎಂದ. ಆಮೆ ಸತ್ತಿತು.

ಮಾಂತ್ರಿಕ ಹದ್ದನ್ನು ಕಳಿಸಿದ. ಒಂದು, ನಾಲ್ಕು, ಒಂಬತ್ತು, ಹದಿನಾರು. ಈ ಸಲ ಹೆಚ್ಚಳವೇ ಬೆಳೆಯುತ್ತಿತ್ತು: ಮೂರು, ಐದು, ಏಳು. ಮುಂದಿನದು ಒಂಬತ್ತು. ಮಾಚಯ್ಯ "ಇಪ್ಪತ್ತೈದು" ಎಂದ. ಹದ್ದು ಸತ್ತಿತು.

ಕಡೆಗೆ ಸರ್ಪ ಬಂತು. ಒಂದು, ಎರಡು, ನಾಲ್ಕು.

"ಹೆಚ್ಚಳ ಒಂದು, ಆಮೇಲೆ ಎರಡು. ಇನ್ನು ಮೂರು. ಇವತ್ತು ಏಳು," ಎಂದ ಮಾಚಯ್ಯ.

"ಗೋಡೆಯ ಮೇಲೆ ಮೂರೇ ಸಂಖ್ಯೆಗಳಿವೆ ಅಣ್ಣ. ಒಂದು ದಿನ ಕಾಯೋಣ."

"ಕಾದರೆ ಅಷ್ಟು ಜನ ಹೋಗುತ್ತಾರಲ್ಲ ತಂಗಿ?"

ಅವನು "ಏಳು" ಎಂದ. ಸರ್ಪ ಎಂಟು ಮಂದಿಯನ್ನು ಮುಟ್ಟಿತು. ಮಾಚಯ್ಯ ನಿಂತಲ್ಲೇ ಕಲ್ಲಾದ.

ಚಾಮಲೆ ಗೋಡೆ ನೋಡಿದಳು. ಒಂದು, ಎರಡು, ನಾಲ್ಕು, ಎಂಟು. ಪ್ರತಿದಿನವೂ ಹಿಂದಿನ ದಿನದ ಎರಡರಷ್ಟು. ಮರುದಿನ ಬೆಳಗ್ಗೆ "ಹದಿನಾರು" ಎಂಬುದು ನಾಲಿಗೆಯ ತುದಿಗೆ ಬಂತು. ಅಣ್ಣನ ಕಲ್ಲುಮುಖ ಕಂಡು ಹೆದರಿ ಅದನ್ನು ನುಂಗಿಕೊಂಡಳು. ಸರ್ಪ ಹದಿನಾರು ಮಂದಿಯನ್ನು ಮುಟ್ಟಿತು. ಅವರಲ್ಲಿ ಅವಳ ತಾಯಿಯೂ ಇದ್ದಳು.

ಸರ್ಪ ಬಂದ ಆರನೆಯ ಬೆಳಗ್ಗೆ ಚಾಮಲೆ ಒಬ್ಬಳೇ ಕೋಟೆಯ ಬಾಗಿಲಲ್ಲಿ ನಿಂತಳು. "ಮೂವತ್ತೆರಡು," ಎಂದಳು.

ಸರ್ಪ ಸೀಳಿ ಬಿತ್ತು. ಆ ಮೂರು ಜೀವಗಳಲ್ಲೇ ತನ್ನ ಪ್ರಾಣ ಇಟ್ಟಿದ್ದ ಧೂಮಕೇಶ ಬೂದಿಯಾದ. ಕಲ್ಲಾಗಿದ್ದವರೆಲ್ಲ ಒಬ್ಬೊಬ್ಬರಾಗಿ ಉಸಿರಾಡಿದರು.

"ಕಲ್ಲಿನೊಳಗೆ ಬಹಳ ಚಳಿಯಿತ್ತು ಮಗಳೇ," ಎಂದಳು ತಾಯಿ.

"ನನಗೆ ನಿನ್ನೆಯೇ ಗೊತ್ತಿತ್ತಮ್ಮ. ಹೇಳಲಿಲ್ಲ."

ತಾಯಿ ತನ್ನ ತಣ್ಣನೆಯ ಕೈಗಳನ್ನು ಮಗಳ ಕೈಯೊಳಗಿಟ್ಟು, "ಇವನ್ನು ಸ್ವಲ್ಪ ಉಜ್ಜು," ಎಂದಳು. ಚಾಮಲೆ ಉಜ್ಜಿದಳು. ಅವು ಬೆಚ್ಚಗಾದ ಮೇಲೆ ಮಾಚಯ್ಯನೂ ಸೇರಿ ಮೂವರೂ ಮನೆಗೆ ನಡೆದರು, ಬಾಳಿ ಬದುಕಿದರು.