ಹನ್ನೊಂದು ಸೆಕೆಂಡು

ನುಡಿನೇರಕ ಎಂಬ ಆ ಪುಟ್ಟ ಬಿಲ್ಲೆಯನ್ನು ಗಂಟಲಿಗೆ ಅಂಟಿಸಿಕೊಂಡರೆ ಸಾಕು, ಸ್ವಾಗತ ಭಾಷಣಕ್ಕೆ ನಿಂತು ಬೆವರುವವನೂ ಅರಳು ಹುರಿದಂತೆ ಮಾತಾಡುತ್ತಿದ್ದ. ಬಿಲ್ಲೆ ಗಂಟಲಿನ ಕಂಪನವನ್ನು ಓದುತ್ತಿತ್ತು. ತೊದಲು, ಬಿಕ್ಕು, ತಡವರಿಕೆ, ಮೌನ ಎಲ್ಲವನ್ನೂ ತೆಗೆದು, ಉಳಿದದ್ದನ್ನು ಆಡಿದವರದೇ ದನಿಯಲ್ಲಿ ಜೋಡಿಸಿ ಧ್ವನಿವರ್ಧಕಕ್ಕೆ ಕಳಿಸುತ್ತಿತ್ತು. ಟೀವಿಯಲ್ಲಾದರೆ ಚಿತ್ರವನ್ನೂ ಅದಕ್ಕೆ ಸರಿಯಾಗಿ ಹೊಲಿಯುತ್ತಿತ್ತು.

ಹುಬ್ಬಳ್ಳಿಯ ಡಾ. ವಾಮನ ಗಲಗಲಿ ಇದನ್ನು ಕಂಡುಹಿಡಿದದ್ದು ಲೋಕಕಲ್ಯಾಣಕ್ಕೇನಲ್ಲ. ಅವರೇ ತೊದಲುತ್ತಿದ್ದರು. ಶಾಲೆಯಲ್ಲಿ ವಂದನಾರ್ಪಣೆಗೆ ನಿಂತು "ವ... ವ..." ಎಂದಾಗ ಎದ್ದ ನಗು ಐವತ್ತು ದಾಟಿದರೂ ಅವರ ಕಿವಿ ಬಿಟ್ಟಿರಲಿಲ್ಲ.

ನೀಲವ್ವನಿಗೂ ಬಿಲ್ಲೆಯನ್ನು ಅವರೇ ಅಂಟಿಸಿದರು. ಆಕೆಯ ಗಂಡ ಹತ್ತಿ ಗಿರಣಿಯ ಬಾಯ್ಲರ್ ಸಿಡಿದು ಸತ್ತಿದ್ದ. ಕುಡಿದು ಬಂದು ಆವಿಯ ಕವಾಟ ತಪ್ಪಾಗಿ ತಿರುಗಿಸಿದ ಎಂದು ಮಾಲೀಕ ಹೇಳಿಕೆ ಕೊಟ್ಟಿದ್ದ. ಹನಿ ಮುಟ್ಟದವನ ಹೆಸರಿಗೆ ಹತ್ತಿದ ಮಸಿ ತೊಳೆಯಲೆಂದೇ ಆಕೆ ಟೀವಿ ಸಂದರ್ಶನಕ್ಕೆ ಬಂದಿದ್ದಳು.

"ನನಗ ಮಾತು ಬರಂಗಿಲ್ರಿ, ಬರೇ ಅಳು ಬರತೈತಿ."

"ಅಳು ನನಗ ಬಿಡು ತಂಗಿ. ನೀ ಖರೇ ಅಷ್ಟ ಹೇಳು," ಎಂದರು ತಾವೂ ಬಿಲ್ಲೆ ಹಾಕಿಕೊಂಡಿದ್ದ ಗಲಗಲಿ.

"ನಿಮ್ಮ ಗಂಡ ಅವತ್ತು ಕುಡಿದಿದ್ದರೇ?" ನಿರೂಪಕಿ ಕೇಳಿದಳು.

ನೀಲವ್ವ ಹನ್ನೊಂದು ಸೆಕೆಂಡು ಸುಮ್ಮನಿದ್ದಳು. ತುಟಿ ಅದುರಿತು, ಸೆರಗು ಬಾಯಿಗೆ ಹೋಯಿತು. ಆಮೇಲೆ, "ಇಲ್ರಿ. ಅಂವ ನನ್ನ ಕೈಯಾಗಿನ ಚಾ ಕುಡದು ಹೋದಂವ," ಎಂದಳು.

ಊರು ಕಂಡದ್ದೇ ಬೇರೆ. ಪ್ರಶ್ನೆ ಮುಗಿಯುವುದರೊಳಗೆ ಪಟ್ಟನೆ ಉತ್ತರ, ಅಳುವಿನ ಸುಳಿವಿಲ್ಲದ ಮುಖ. "ಕಲಿಸಿ ಕಳಸ್ಯಾರ ನೋಡ್ರಿ," ಎಂದರು ಜನ. ಗಿರಣಿಯ ಸಾವಿನ ವಿಚಾರಣೆ ನಡೆಸುತ್ತಿದ್ದ ಅಧಿಕಾರಿಯೂ ಸಂದರ್ಶನ ನೋಡಿ, 'ಹೇಳಿಕೊಟ್ಟ ಮಾತು' ಎಂದು ಬರೆದುಕೊಂಡರು.

ಗಲಗಲಿಯವರಿಗೆ ಅನ್ನ ಸೇರಲಿಲ್ಲ. ಆ ಹನ್ನೊಂದು ಸೆಕೆಂಡನ್ನು ಮರಳಿ ಜೋಡಿಸೋಣವೆಂದು ಯಂತ್ರವನ್ನೆಲ್ಲ ಜಾಲಾಡಿದರು. ಎಲ್ಲಿದೆ! ತೆಗೆದದ್ದನ್ನು ಉಳಿಸುವ ಏರ್ಪಾಟನ್ನೇ ಅವರು ಮಾಡಿರಲಿಲ್ಲ. ಗುಡಿಸಿದ ಕಸವನ್ನು ಯಾರು ಕೂಡಿಡುತ್ತಾರೆ? ಸತ್ತವನನ್ನು ಎರಡನೆಯ ಸಲ ಕುಡುಕನನ್ನಾಗಿ ಮಾಡಿದ ಪಾಪ ತಮ್ಮದೇ ಎಂದು ಅವರಿಗೆ ಗೊತ್ತಾಯಿತು.

ಕ್ಷಮೆ ಕೇಳಲು ನೀಲವ್ವನ ಮನೆಗೆ ಹೋದರು. ಅಲ್ಲಿಗೂ ಬಿಲ್ಲೆ ಹಾಕಿಕೊಂಡೇ ಹೋದರಲ್ಲ, ಏನೆನ್ನೋಣ! ಪಿಸುಗುಟ್ಟಿದ ಕ್ಷಮಾಪಣೆ ಎದೆಯ ಮೇಲಿನ ಸ್ಪೀಕರಿನಿಂದ ಸರಾಗವಾಗಿ ಹೊರಬಂತು.

"ಅದನ್ನ ತಗದು ಹೇಳ್ರಿ," ಎಂದಳು ನೀಲವ್ವ.

ತೆಗೆದರು. "ತ... ತ... ತಪ್ಪಾತವ್ವ," ಎನ್ನುವಷ್ಟರಲ್ಲಿ ಬೆವತುಹೋದರು.

"ಈಗ ನಂಬತೀನಿ. ಅಧಿಕಾರಿ ಮುಂದೂ ಹಿಂಗ ಹೇಳ್ರಿ."

ಮರುದಿನ ವಿಚಾರಣೆಯಲ್ಲಿ ಗಲಗಲಿ ಎದ್ದು ನಿಂತರು. "ಹ... ಹನ್... ಹನ್..." ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅದೇ ಹಳೆಯ ನಗು. ಅಧಿಕಾರಿ ಗಡಿಯಾರ ನೋಡಿದರು. "ಡಾಕ್ಟರ್ರ, ನಿಮ್ಮ ಬಿಲ್ಲೆ ಹಾಕ್ಕೊಂಡು ಹೇಳಿಬಿಡ್ರಲ್ಲ, ಲಗೂ ಮುಗೀತೈತಿ."

ಗಲಗಲಿಯವರ ಕೈ ಜೇಬಿಗೆ ಹೋಯಿತು. ಬಿಲ್ಲೆ ಅಲ್ಲೇ ಇತ್ತು.

ನೀಲವ್ವ ಎದ್ದಳು. "ತಡೀರಿ ಸಾಹೇಬ್ರ. ಅವರು ಹೇಳಾಕತ್ತಾರ."

ಗಲಗಲಿ ಬರಿಗೈ ಹೊರತೆಗೆದು, ಮತ್ತೆ "ಹ..." ಎಂದು ಮೊದಲಿಟ್ಟರು.